ಆನ್‌ಲೈನ್ ವಿಚಾರ ಸಂಕಿರಣ ಎಷ್ಟು ಹೊತ್ತು ಇರಬೇಕು? ಲೆಕ್ಕ ಹಾಕುವುದು ಹೀಗೆ

ಮೇ ತಿಂಗಳು ಬಂತೆಂದರೆ ಅಡಿಕೆ ಸೀಮೆಯಲ್ಲಿ ಕೊಳೆರೋಗದ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗದ ಮಾತು ಶುರು. ತೀರ್ಥಹಳ್ಳಿ, ಶಿರಸಿ, ಪುತ್ತೂರು, ಸುಳ್ಯ, ಎಲ್ಲ ಕಡೆಯೂ ಮಳೆ ಹಿಡಿಯುವ ಮೊದಲು ಅದನ್ನು ತಡೆಯುವ ಬೋರ್ಡೋ ದ್ರಾವಣ ಹೊಡೆದು ಮುಗಿಸುವ ಅವಸರ. ಊರಿನ ಸಹಕಾರ ಸಂಘವೋ, ಯುವಕರ ಗುಂಪೋ ಇದರ ಬಗ್ಗೆ ಒಂದು ವೆಬಿನಾರ್ ಇಡೋಣ ಎಂದು ಹೊರಡುತ್ತದೆ. ವಿಜ್ಞಾನಿ ಒಪ್ಪಿದರು, ದಿನವೂ ಗೊತ್ತಾಯಿತು. ಎಷ್ಟು ಹೊತ್ತು ಎಂದು ಕೇಳಿದರೆ ‘ಎರಡು ಗಂಟೆ ಹಾಕಿ’ ಅನ್ನುತ್ತಾರೆ. ಅದು ಸಭಾಭವನದ ಅಭ್ಯಾಸ. ಬಸ್ಸು ಹತ್ತಿ ಬಂದವರಿಗೆ ಎರಡು ಗಂಟೆ ಸರಿ. ಮನೆಯ ಜಗಲಿಯಲ್ಲಿ ಫೋನ್ ಹಿಡಿದು ಕೂತವರ ಲೆಕ್ಕವೇ ಬೇರೆ. ಕೊಳೆರೋಗದ ವೆಬಿನಾರನ್ನೇ ಇಟ್ಟುಕೊಂಡು ಆ ಲೆಕ್ಕ ಹಾಕೋಣ.

1. ಕೇಳಿದವರು ಮರುದಿನ ಏನು ಮಾಡಬೇಕು?

ಇದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಕೊಳೆರೋಗದ ಬಗ್ಗೆ ಅರಿವು’ ಎಂದು ಬರೆದರೆ ಅದಕ್ಕೆ ಅರ್ಧ ಗಂಟೆಯೂ ಆಗುತ್ತದೆ, ಅರ್ಧ ದಿನವೂ ಆಗುತ್ತದೆ. ‘ಶೇ 1ರ ಬೋರ್ಡೋ ದ್ರಾವಣವನ್ನು ಸರಿಯಾಗಿ ತಯಾರಿಸಿ, ಮಳೆಗೆ ಮೊದಲೇ ಹೊಡೆಯಬೇಕು’ ಎಂದು ಬರೆದು ನೋಡಿ. ಏನು ಹೇಳಬೇಕು, ಏನು ಬಿಡಬಹುದು ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಡಿಕೆಯ ಇತಿಹಾಸ, ಮಾರುಕಟ್ಟೆ ಧಾರಣೆ, ಎಲೆಚುಕ್ಕಿ ರೋಗ, ಎಲ್ಲ ಮುಖ್ಯವೇ. ಆದರೆ ಇವತ್ತಿಗೆ ಬೇಡ. ಎಲೆಚುಕ್ಕಿಗೆ ಬೇರೆ ದಿನವನ್ನೇ ಕೊಡಿ.

2. ಕೇಳುವವರ ದಿನಚರಿ ನೋಡಿ

ಸಂಜೆ ಹಾಲು ಕರೆದು, ಡೇರಿಗೆ ಕೊಟ್ಟು, ಕೈಕಾಲು ತೊಳೆದುಕೊಂಡು ಕೂರುವಾಗ ಏಳು ಗಂಟೆ. ಎಂಟೂವರೆಗೆ ಊಟ. ಸಿಗುವುದು ಒಂದೂವರೆ ಗಂಟೆ ಮಾತ್ರ, ಅದೂ ಪೂರ್ತಿ ನಿಮ್ಮದಲ್ಲ. ಮೇ ಕೊನೆಯಲ್ಲಿ ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ. ಎಷ್ಟೋ ಊರಲ್ಲಿ ಅದರ ಹಿಂದೆಯೇ ಟವರ್ ಕೂಡ ನಿಲ್ಲುತ್ತದೆ. ಡೇಟಾ ಲೆಕ್ಕವೂ ಇದೆ. ವಿಡಿಯೊ ಕರೆ ಒಂದು ಗಂಟೆಗೆ ಸುಮಾರು ಒಂದು ಜಿಬಿ ತಿನ್ನುತ್ತದೆ. ಚಿತ್ರ ಸ್ಪಷ್ಟವಾದಷ್ಟೂ ಜಾಸ್ತಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವವರಿಗೆ ಎರಡು ಗಂಟೆಯ ಕಾರ್ಯಕ್ರಮ ಪೂರ್ತಿ ಸಿಗುವುದೇ ಕಷ್ಟ.

ತೋಟ ಇಲ್ಲಿದ್ದು ತಾವು ಅಮೆರಿಕದಲ್ಲಿರುವ ಮಕ್ಕಳೂ ಸೇರುತ್ತಾರೆ ಅಲ್ವಾ? ನಮ್ಮ ಸಂಜೆ ಏಳು ಅಂದರೆ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಬೆಳಿಗ್ಗೆ ಒಂಬತ್ತೂವರೆ, ಕ್ಯಾಲಿಫೋರ್ನಿಯಾಕ್ಕೆ ಆರೂವರೆ. ಅವರೂ ಬರಬೇಕೆಂದರೆ ಶನಿವಾರ ಅಥವಾ ಭಾನುವಾರ ಇಡಿ.

3. ಮೊದಲು ಪ್ರಶ್ನೆಗಳಿಗೆ ಸಮಯ ತೆಗೆದಿಡಿ

ಇದೇ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಉಪನ್ಯಾಸ ಮುಗಿದು ಉಳಿದ ಹೊತ್ತಿನಲ್ಲಿ ಪ್ರಶ್ನೆ ಕೇಳಿಸುತ್ತಾರೆ. ಉಳಿಯುವುದು ಐದು ನಿಮಿಷ. ಆದರೆ ರೈತರು ಬರುವುದೇ ಪ್ರಶ್ನೆ ಕೇಳುವುದಕ್ಕೆ. ‘ನಿನ್ನೆ ಹೊಡೆದೆ, ಎರಡು ಗಂಟೆಯಲ್ಲಿ ಮಳೆ ಬಂತು, ಮತ್ತೆ ಹೊಡೆಯಬೇಕಾ?’ ಇಂಥ ಪ್ರಶ್ನೆಗೆ ಯಾವ ಸ್ಲೈಡಿನಲ್ಲೂ ಉತ್ತರ ಇರುವುದಿಲ್ಲ. ಒಂದು ಪ್ರಶ್ನೆಗೆ ಎರಡು ನಿಮಿಷ ಹಿಡಿಯಿರಿ. ಮೈಕ್ ತೆರೆಯುವುದು, ‘ಕೇಳಿಸ್ತಾ ಇದೆಯಾ’ ಅನ್ನುವುದು ಎಲ್ಲ ಅದರೊಳಗೇ. ಹತ್ತು ಪ್ರಶ್ನೆಗೆ 20 ನಿಮಿಷ. ನೋಂದಣಿಯ ಜೊತೆಗೇ ಪ್ರಶ್ನೆಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡರೆ ಒಂದೇ ಥರದವನ್ನು ಒಟ್ಟು ಸೇರಿಸಬಹುದು.

4. ಮಾತನ್ನು ತುಂಡು ಮಾಡಿ, ಗಡಿಯಾರ ಹಿಡಿದು ಅಳೆಯಿರಿ

ರೋಗ ಹೇಗೆ ಹರಡುತ್ತದೆ: 8 ನಿಮಿಷ. ದ್ರಾವಣ ತಯಾರಿ: 10 ನಿಮಿಷ. ಯಾವಾಗ, ಗೊನೆಯ ಮೇಲೆ ಹೇಗೆ ಹೊಡೆಯಬೇಕು: 5 ನಿಮಿಷ. ಸ್ಲೈಡ್ ಎಣಿಸಿ ಅಂದಾಜು ಮಾಡಬೇಡಿ. ಉಪನ್ಯಾಸಕರು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಲಿ, ಆಗ ನಿಜವಾದ ಸಮಯ ಸಿಗುತ್ತದೆ.

ತಯಾರಿಗೆ ಹತ್ತು ನಿಮಿಷ ಕೊಟ್ಟಿದ್ದಕ್ಕೆ ಕಾರಣ ಇದೆ. ತಪ್ಪುವುದು ಅಲ್ಲೇ. 100 ಲೀಟರ್ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಬೇಕು, ಲೋಹದ ಪಾತ್ರೆ ಬಳಸಬಾರದು, ಬೆರೆಸಿದ ಮೇಲೆ ಪರೀಕ್ಷೆ ಮಾಡಬೇಕು. ಉಜ್ಜಿ ಹೊಳಪು ಬಂದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ನೇರ ಪ್ರಸಾರದಲ್ಲಿ ಮೈಲುತುತ್ತ ಕರಗುವವರೆಗೆ ಎಲ್ಲರೂ ಕಾಯಬೇಕಾಗುತ್ತದೆ. ಹಾಗಾಗಿ ಮೊದಲೇ ವಿಡಿಯೊ ಮಾಡಿಟ್ಟುಕೊಳ್ಳಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಿಡಿಯೊ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷ ಎಂದು ಅದರಲ್ಲಿ ಕಂಡುಬಂತು. ನಿಮ್ಮ ವಿಡಿಯೊ ಆರು ನಿಮಿಷ ಇರಲಿ. ಉಳಿದ ನಾಲ್ಕರಲ್ಲಿ ವಿಜ್ಞಾನಿ ಅದನ್ನು ವಿವರಿಸಲಿ.

5. ಸಭೆಯ ಶಿಷ್ಟಾಚಾರ ಎರಡು ನಿಮಿಷ

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಅಧ್ಯಕ್ಷರ ಮಾತು, ಕೊನೆಗೆ ವಂದನಾರ್ಪಣೆ. ಇವಿಷ್ಟಕ್ಕೇ ಅರ್ಧ ಗಂಟೆ ಹೋಗುತ್ತದೆ. ಜನ ಬಿಟ್ಟುಹೋಗುವುದೂ ಈ ಹೊತ್ತಿನಲ್ಲೇ. ಗೌರವ ತೋರಿಸಬೇಕು, ನಿಜ. ಆಹ್ವಾನದಲ್ಲಿ ಎಲ್ಲರ ಹೆಸರು, ಪರಿಚಯ ಹಾಕಿ. ಅಧ್ಯಕ್ಷರಿಗೆ ಒಂದು ದಿನ ಮೊದಲೇ ಫೋನ್ ಮಾಡಿ, ‘ಸಾರ್, ಸ್ವಾಗತವನ್ನು ನೀವೇ ಮಾಡಿ, ಎರಡು ನಿಮಿಷ’ ಎಂದು ಕೇಳಿ. ಒಪ್ಪುತ್ತಾರೆ.

6. ಕೂಡಿಸಿ, ಆಮೇಲೆ ಆ್ಯಪ್ ಆರಿಸಿ

2, 8, 10, 5, ಪ್ರಶ್ನೆಗೆ 20, ಕೊನೆಗೆ ಮುಖ್ಯ ಅಳತೆಗಳನ್ನು ಮತ್ತೊಮ್ಮೆ ಓದುವುದಕ್ಕೆ 3. ಒಟ್ಟು 48 ನಿಮಿಷ. ಆಹ್ವಾನದಲ್ಲಿ ‘ಸಂಜೆ 7ರಿಂದ 7.50’ ಎಂದು ಬರೆಯಿರಿ. ಮುಗಿಯುವ ಸಮಯವನ್ನು ತಪ್ಪದೆ ಹಾಕಿ.

ಜೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಉಚಿತವಾಗಿ ಒಂದು ಗಂಟೆ ಸಿಗುತ್ತದೆ. ನಮ್ಮ 48 ನಿಮಿಷಕ್ಕೆ ಮೀಟ್ ಸಾಕು. ಬೇಗ ಬಂದವರಿಗಾಗಿ ಐದು ನಿಮಿಷ ಮೊದಲೇ ತೆರೆದರೆ ಅದೂ ಈ ಗಂಟೆಯಲ್ಲೇ ಕಳೆಯುತ್ತದೆ, ನೆನಪಿರಲಿ. ಎರಡರಲ್ಲೂ ಉಚಿತ ಖಾತೆಗೆ 100 ಜನರ ಮಿತಿ ಇದೆ. ಜಾಸ್ತಿ ಜನ ಬರುವಂತಿದ್ದರೆ ಯೂಟ್ಯೂಬ್ ಲೈವ್ ನೋಡಬಹುದು. ಆದರೆ ಅಲ್ಲಿ ರೈತರು ಬಾಯಿಬಿಟ್ಟು ಪ್ರಶ್ನೆ ಕೇಳಲು ಆಗುವುದಿಲ್ಲ, ಬರೆದೇ ಕೇಳಬೇಕು. ಅದಕ್ಕಿಂತ ಎರಡು ಸಂಜೆ ಇಡುವುದೇ ಒಳ್ಳೆಯದು ಎಂದು ನನಗನಿಸುತ್ತದೆ.

7. ಒಂದು ಗಂಟೆ ಮೀರಿದರೆ

ವಿಷಯವನ್ನೇ ಎರಡು ಮಾಡಿ. ಕೊಳೆರೋಗಕ್ಕೆ ಇದು ಸುಲಭ. ಎರಡನೇ ಸಲ ಔಷಧಿ ಹೊಡೆಯುವುದು 40–45 ದಿನದ ಮೇಲೆ. ಆ ಮಾತನ್ನು ಮೇ ತಿಂಗಳಲ್ಲೇ ತುರುಕಬೇಡಿ. ಜುಲೈಯಲ್ಲಿ 30 ನಿಮಿಷದ ಇನ್ನೊಂದು ಸಭೆ ಇಡಿ, ಅದರಲ್ಲಿ 20 ನಿಮಿಷ ಪ್ರಶ್ನೆಗಳಿಗೇ ಇರಲಿ. ಅದರ ಸಮಯ ಗೊತ್ತುಮಾಡುವ ಮೊದಲು ಮೇ ತಿಂಗಳ ಸಭೆಯಲ್ಲಿ ಯಾವ ನಿಮಿಷಕ್ಕೆ ಎಷ್ಟು ಜನ ಇದ್ದರು ಎಂದು ಬರೆದಿಟ್ಟಿದ್ದನ್ನು ನೋಡಿ. ಹತ್ತು ನಿಮಿಷಕ್ಕೊಮ್ಮೆ ಸಂಖ್ಯೆ ಗುರುತು ಹಾಕುವ ಕೆಲಸವನ್ನು ಒಬ್ಬರಿಗೆ ಮೊದಲೇ ವಹಿಸಿ.