ಕೊಟ್ಟಿಗೆಯಿಂದ ಕೆರೆಯವರೆಗೆ: ಆ್ಯಂಟಿಬಯೋಟಿಕ್ ನಿರೋಧಕತೆ ಹಬ್ಬುವ ದಾರಿಗಳನ್ನು ಮನೆಮಟ್ಟದಲ್ಲಿ ತಡೆಯುವ ಕ್ರಮ

ಮುಳಬಾಗಿಲು ತಾಲ್ಲೂಕಿನ ನಮ್ಮ ಕೊಟ್ಟಿಗೆಯಲ್ಲಿ ಎರಡನೇ ಸೂಲಿನ ಸೀಮೆ ಹಸುವೊಂದಕ್ಕೆ ಕೆಚ್ಚಲು ಬಾವು ಬಂದಾಗ ನಾವು ಮಾಡಿದ್ದು ಈ ಭಾಗದ ಬಹಳಷ್ಟು ಮನೆಯವರು ಮಾಡುವುದನ್ನೇ. ಊರಿನಲ್ಲಿ ಇಂಜೆಕ್ಷನ್ ಹಾಕಿ ಅಭ್ಯಾಸವಿದ್ದವರೊಬ್ಬರನ್ನು ಕರೆಸಿದೆವು. ಅವರು ಮೊದಲ ದಿನ ಒಂದು ಔಷಧ, ಗುಣ ಕಾಣದ ಕಾರಣ ಎರಡನೇ ದಿನ ಇನ್ನೊಂದು, ಮೂರನೇ ದಿನ ಮತ್ತೊಂದು ಕೊಟ್ಟರು. ನಾಲ್ಕನೇ ದಿನ ಹಾಲನ್ನು ಪರೀಕ್ಷೆಗೆ ಕಳುಹಿಸಿದಾಗ, ಮೊದಲ ಎರಡು ಔಷಧಗಳಿಗೂ ಆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲವೆಂದು ವರದಿ ಬಂತು. ಅಷ್ಟರಲ್ಲಿ ಎಡ ಹಿಂಭಾಗದ ಮೊಲೆ ಬತ್ತಿಹೋಗಿತ್ತು. ಪರೀಕ್ಷೆಯನ್ನು ಮೊದಲ ದಿನವೇ ಮಾಡಿಸಬೇಕಿತ್ತೆಂಬುದು ನನಗೆ ಹೊಳೆದದ್ದು ಆಮೇಲೆ. ಹಾಗೆ ತಡವಾಗಿ ಕಲಿತ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಸು, ಟೊಮೆಟೊ, ಕೆರೆ ಮೂರೂ ಒಂದೇ ಮನೆಯ ಬದುಕಿನಲ್ಲಿ ಹೆಣೆದುಕೊಂಡಿರುವುದರಿಂದ ಮೂರನ್ನೂ ಒಟ್ಟಿಗೇ ನೋಡಬೇಕಾಗುತ್ತದೆ.

ಮೊದಲು ತಿಳಿದಿರಬೇಕಾದದ್ದು

"ಆ ಔಷಧ ಹಸುವಿನ ಮೈಗೆ ಒಗ್ಗಿಹೋಗಿದೆ" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಒಗ್ಗಿಕೊಂಡದ್ದು ಹಸುವಿನ ಮೈಯಲ್ಲ, ಬ್ಯಾಕ್ಟೀರಿಯಾ. ಅನುಕೂಲ ಸ್ಥಿತಿಯಲ್ಲಿ, ಕರುಳಿನಲ್ಲಿ ಇರುವ ಇ. ಕೋಲೈನಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಿ ಒಡೆಯುತ್ತದೆ. ರಾತ್ರಿ ಹತ್ತಕ್ಕೆ ಒಂದೇ ಒಂದಿದ್ದರೂ ಅದೇ ವೇಗದಲ್ಲಿ ಬೆಳೆದರೆ ಬೆಳಿಗ್ಗೆ ಆರಕ್ಕೆ 1,67,77,216 ಆಗಿರುತ್ತದೆ. ಇಷ್ಟು ನಕಲುಗಳಾಗುವಾಗ ಅಲ್ಲಲ್ಲಿ ತಪ್ಪುಗಳು ನುಸುಳುತ್ತವೆ, ಕೋಟಿಗೊಂದು ತಪ್ಪು ಔಷಧವನ್ನು ತಡೆದುಕೊಳ್ಳುವ ಶಕ್ತಿಯನ್ನು ಕೊಟ್ಟುಬಿಡಬಹುದು. ಔಷಧ ಇಲ್ಲದಿದ್ದಾಗ ಅದರಿಂದ ವಿಶೇಷ ಲಾಭವಿಲ್ಲ. ಔಷಧ ಬಿದ್ದ ದಿನ ಮಾತ್ರ ಉಳಿದವೆಲ್ಲ ಸತ್ತು, ಅದೊಂದೇ ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಔಷಧವು ನಿರೋಧಕತೆಯನ್ನು, ಅಂದರೆ ತನಗೆ ಬಗ್ಗದ ಬ್ಯಾಕ್ಟೀರಿಯಾದ ಗುಣವನ್ನು, ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಆರಿಸಿ ಬೆಳೆಸುತ್ತದೆ ಎನ್ನುವುದೇ ಸರಿ. ಪೆನಿಸಿಲಿನ್ ಆಸ್ಪತ್ರೆಗಳಲ್ಲಿ ಬಳಕೆಗೆ ಬರುವ ಮುಂಚೆಯೇ, 1940ರಲ್ಲಿ, ಅದನ್ನು ಒಡೆದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿ ಇರುವುದನ್ನು ವಿಜ್ಞಾನಿಗಳು ಗುರುತಿಸಿದ್ದರು.

ಬ್ಯಾಕ್ಟೀರಿಯಾ ಔಷಧವನ್ನು ಎದುರಿಸುವ ಬಗೆಗಳು ಹಲವು. ಕೆಲವು ಔಷಧವನ್ನು ಕಿಣ್ವದಿಂದ ಕತ್ತರಿಸುತ್ತವೆ, ಕೆಲವು ಒಳಬಂದದ್ದನ್ನು ಪಂಪಿನಂತೆ ಹೊರದೂಡುತ್ತವೆ, ಕೆಲವು ಔಷಧ ಹಿಡಿದುಕೊಳ್ಳುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಇದಕ್ಕಿಂತ ಕಳವಳದ ಸಂಗತಿಯೆಂದರೆ, ಈ ವಿದ್ಯೆಯನ್ನು ಅವು ತಮ್ಮ ಸಂತತಿಗೆ ಮಾತ್ರವಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ನಿರೋಧಕತೆಯ ವಂಶವಾಹಿ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಂಥ ಡಿಎನ್‌ಎ ತುಣುಕಿನಲ್ಲಿರುತ್ತದೆ, ಎರಡು ಬ್ಯಾಕ್ಟೀರಿಯಾಗಳು ಅಂಟಿಕೊಂಡಾಗ ಅದರ ಪ್ರತಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ಇದು: ಕೊಟ್ಟವರ ಮೊಸರು ಅವರಲ್ಲೇ ಉಳಿಯುತ್ತದೆ, ಪಡೆದವರ ಮನೆಯ ಹಾಲೂ ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಕರುಳಿನಲ್ಲಿ ಸಾಧುವಾಗಿರುವ ಇ. ಕೋಲೈನಿಂದ ಆಮಶಂಕೆ ತರುವ ಶಿಗೆಲ್ಲಾಕ್ಕೆ ನಿರೋಧಕತೆ ಹೀಗೆ ದಾಟುವುದನ್ನು ಜಪಾನಿನ ಸಂಶೋಧಕರು 1959ರಲ್ಲೇ ತೋರಿಸಿದ್ದರು. ಇದರಿಂದ ತಿಳಿಯಬೇಕಾದದ್ದು, ರೋಗ ತರದ ಬ್ಯಾಕ್ಟೀರಿಯಾ ಕೂಡ ನಿರೋಧಕತೆಯ ಉಗ್ರಾಣವಾಗಬಹುದು. ಸಗಣಿ, ಗಂಜಲ, ಚರಂಡಿ, ಕೆರೆಯ ಕೆಸರು ಇವೆಲ್ಲ ಇಂಥ ಕೊಡುಕೊಳ್ಳುವಿಕೆಗೆ ಒದಗುವ ಜಾಗಗಳು.

ಕೊಟ್ಟಿಗೆಯಲ್ಲಿ: ಔಷಧಕ್ಕೆ ಮುಂಚೆ ಪರೀಕ್ಷೆ

ಹೈನುಗಾರರ ಮನೆಯಲ್ಲಿ ಆ್ಯಂಟಿಬಯೋಟಿಕ್ ಹೆಚ್ಚಾಗಿ ಖರ್ಚಾಗುವ ಸಂದರ್ಭಗಳಲ್ಲಿ ಕೆಚ್ಚಲು ಬಾವು ಮುಖ್ಯವಾದದ್ದು. ಆದ್ದರಿಂದ ನಿರೋಧಕತೆಯನ್ನು ತಡೆಯುವ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಪ್ರತಿ ಸಲ ಹಾಲು ಕರೆಯುವಾಗ ಒಂದೊಂದು ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ನೆಲಕ್ಕೆ ಬಿಡದೆ ಕಪ್ಪು ಬಣ್ಣದ ತಟ್ಟೆಗೆ ಹಿಂಡಿ ನೋಡಬೇಕು. ಹಾಲು ಒಡೆದಂತೆ ಚೂರುಚೂರಾಗಿದ್ದರೆ ಕಪ್ಪಿನ ಮೇಲೆ ಥಟ್ಟನೆ ಕಾಣುತ್ತದೆ.

ಕಣ್ಣಿಗೆ ಕಾಣದ ಬಾವನ್ನು ಹಿಡಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಒಂದು ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿಯನ್ನು ಕದಡಿ, ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬೇರೆ ಬೇರೆ ಬಟ್ಟಲುಗಳಲ್ಲಿ ಹಿಡಿದು, ಪ್ರತಿ ಬಟ್ಟಲಿಗೂ ಹಾಲಿನಷ್ಟೇ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಬೇಕು. ಆರೋಗ್ಯವಂತ ಮೊಲೆಯ ಹಾಲು ನೀರಾಗಿಯೇ ಉಳಿಯುತ್ತದೆ, ಬಾವಿರುವ ಮೊಲೆಯ ಹಾಲು ಗಂಜಿಯಂತೆ ಲೋಳೆಗಟ್ಟುತ್ತದೆ. ಬಾವಿನ ಜಾಗಕ್ಕೆ ಧಾವಿಸಿದ ಬಿಳಿ ರಕ್ತಕಣಗಳನ್ನು ಸೋಪು ಒಡೆದಾಗ ಹೊರಬೀಳುವ ಡಿಎನ್‌ಎಯೇ ಆ ಲೋಳೆ.

ಹಸುವಿಗೆ ಜ್ವರವಿಲ್ಲದೆ, ಮೇವು ಬಿಡದೆ, ಕೆಚ್ಚಲು ಸ್ವಲ್ಪ ಊದಿ ಬಿಸಿಯಾಗಿರುವ ಹಂತದಲ್ಲಿ ಲೋಳೆಸರದ ಲೇಪವನ್ನು ಪ್ರಯತ್ನಿಸಬಹುದು. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣವನ್ನು ರುಬ್ಬಿ, ಒಂದು ಹಿಡಿಯಷ್ಟಕ್ಕೆ ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡು, ಕೆಚ್ಚಲಿನಲ್ಲಿರುವ ಹಾಲನ್ನು ಪೂರ್ತಿ ಹಿಂಡಿ ತೊಳೆದ ಮೇಲೆ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿರುವ ವಿಧಾನವಿದು, ನಮ್ಮಲ್ಲಿ ಆರಂಭದ ಬಾವು ಇದರಿಂದ ಇಳಿದದ್ದುಂಟು. ಆದರೆ ಹಾಲಿನಲ್ಲಿ ರಕ್ತ ಅಥವಾ ಕೀವು ಬಂದಾಗ, ಹಸು ಮೇವು ಬಿಟ್ಟು ನಿಂತಾಗ, ಲೇಪವನ್ನು ನಂಬಿ ದಿನ ಕಳೆಯುವುದು ಮೂರ್ಖತನ. ಅಂಥ ಹೊತ್ತಿನಲ್ಲಿ ಪಶುವೈದ್ಯರೇ ಬರಬೇಕು, ಆ್ಯಂಟಿಬಯೋಟಿಕ್ ಬೇಕಾಗುವುದೂ ಇಂಥ ಹೊತ್ತಿಗೇ.

ವೈದ್ಯರು ಮೊದಲ ಇಂಜೆಕ್ಷನ್ ಕೊಡುವ ಮುಂಚೆಯೇ ಹಾಲಿನ ಮಾದರಿ ತೆಗೆದಿಡಬೇಕು. ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಸ್ಟೆರೈಲ್ ಡಬ್ಬಿ ಸಾಕು. ಕೈ ತೊಳೆದು, ಕೆಚ್ಚಲು ಒರೆಸಿ ಒಣಗಿಸಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಮೊಲೆಯ ತುದಿಯನ್ನು ತಿಕ್ಕಬೇಕು. ಶುಚಿ ಮಾಡುವಾಗ ದೂರದ ಮೊಲೆಗಳು ಮೊದಲು, ಹಾಲು ಹಿಡಿಯುವಾಗ ಹತ್ತಿರದ ಮೊಲೆಗಳು ಮೊದಲು. ಹೀಗೆ ಮಾಡಿದರೆ ಒರೆಸಿದ ಮೊಲೆಗೆ ತೋಳು ತಗಲುವುದಿಲ್ಲ. ಮೊದಲ ಮೂರು ನಾಲ್ಕು ಧಾರೆ ಬಿಟ್ಟು, ಡಬ್ಬಿಯನ್ನು ಓರೆಯಾಗಿ ಹಿಡಿದು ಎರಡು ಧಾರೆ ಹಿಂಡಿ, ಮುಚ್ಚಿ, ಐಸ್ ಜೊತೆ ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಎಲ್ಲಿಗೆ ಕಳುಹಿಸಬೇಕೆಂದು ಪಶು ಆಸ್ಪತ್ರೆಯವರೇ ಹೇಳುತ್ತಾರೆ. ಅಲ್ಲಿ ತಟ್ಟೆಯ ತುಂಬ ಆ ಬ್ಯಾಕ್ಟೀರಿಯಾವನ್ನು ಹರಡಿ, ಬೇರೆ ಬೇರೆ ಔಷಧ ತುಂಬಿದ ಸಣ್ಣ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಮರುದಿನ ಕೆಲವು ಬಿಲ್ಲೆಗಳ ಸುತ್ತ ತಿಳಿಯಾದ ವೃತ್ತ ಮೂಡಿರುತ್ತದೆ, ಅಂದರೆ ಅಲ್ಲಿ ಔಷಧ ಬ್ಯಾಕ್ಟೀರಿಯಾವನ್ನು ತಡೆದಿದೆ, ಕೆಲವಕ್ಕೆ ಬ್ಯಾಕ್ಟೀರಿಯಾ ಅಂಚಿನವರೆಗೂ ಬೆಳೆದು ಅಂಟಿಕೊಂಡಿರುತ್ತದೆ. ನಮ್ಮ ಹಸುವಿನ ತಟ್ಟೆಯ ಚಿತ್ರವನ್ನು ಪ್ರಯೋಗಾಲಯದವರು ತೋರಿಸಿದಾಗ, ಮೂರು ದಿನ ನಾವು ಸುರಿದ ದುಡ್ಡು ಯಾವ ಬಿಲ್ಲೆಗಳ ಅಡಿಯಲ್ಲಿ ಹೋಗಿತ್ತೆಂದು ಎಣಿಸಬಹುದಾಗಿತ್ತು. ಹಸುವಿನ ಸ್ಥಿತಿ ಗಂಭೀರವಿದ್ದರೆ ವರದಿಗೆ ಕಾಯದೆ ವೈದ್ಯರು ಚಿಕಿತ್ಸೆ ಆರಂಭಿಸುತ್ತಾರೆ, ವರದಿ ಬಂದ ಮೇಲೆ ಔಷಧ ಬದಲಿಸುತ್ತಾರೆ. ಅದು ತಪ್ಪಲ್ಲ. ಮಾದರಿಯನ್ನೇ ತೆಗೆಯದೆ ದಿನಕ್ಕೊಂದು ಔಷಧ ಬದಲಿಸುವುದು ತಪ್ಪು.

ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಬೇಕು. ಕರೆದಾದ ಮೇಲೆ ಪ್ರತಿ ಹಸುವಿನ ಮೊಲೆಗಳನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ, ಅರ್ಧ ಗಂಟೆಯಾದರೂ ಮಲಗದಂತೆ ನಿಲ್ಲಿಸಬೇಕು. ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಔಷಧ ಕೊಟ್ಟ ಹಸುವಿನ ಹಾಲು

ಔಷಧದ ಲೇಬಲ್ ಮೇಲೆ ಎಷ್ಟು ದಿನ ಹಾಲನ್ನು ಬಳಸಬಾರದೆಂದು ಬರೆದಿರುತ್ತದೆ. ಬರೆದಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಬಿಡಬೇಕೆಂದು 2012ರಲ್ಲಿ ತಿದ್ದುಪಡಿಯಾದ ಕೇಂದ್ರದ ಔಷಧ ನಿಯಮ ಹೇಳುತ್ತದೆ. ಲೆಕ್ಕ ಕೊನೆಯ ಡೋಸ್‌ನಿಂದ ಆರಂಭವಾಗುತ್ತದೆ, ಮೊದಲನೆಯದರಿಂದಲ್ಲ. ಡೈರಿಗೆ ಹಾಕಲಾಗದ ಹಾಲನ್ನು ಕರುವಿಗೆ ಕುಡಿಸುವ ರೂಢಿ ನಮ್ಮಲ್ಲೂ ಇತ್ತು, ವ್ಯರ್ಥ ಮಾಡಲು ಮನಸ್ಸು ಬಾರದೆ. ಅರೆಬರೆ ಔಷಧವಿರುವ ಆ ಹಾಲು ಕರುವಿನ ಎಳೆಯ ಕರುಳಿನಲ್ಲಿ ನಿರೋಧಕ ಬ್ಯಾಕ್ಟೀರಿಯಾವನ್ನೇ ಆರಿಸಿ ಬೆಳೆಸುತ್ತದೆ. ಕರು ಅದನ್ನು ಸಗಣಿಯಲ್ಲಿ ಕೊಟ್ಟಿಗೆ ತುಂಬ ಹಂಚುತ್ತದೆ. ಅಂಥ ಹಾಲನ್ನು ಬಾವಿ, ಬೋರ್‌ವೆಲ್, ಚರಂಡಿಗಳಿಂದ ದೂರದ ಗುಂಡಿಗೆ ಹಾಕುವುದೇ ಸರಿ.

ತಿಪ್ಪೆ ಬಿಸಿಯಾಗಬೇಕು

ಹಸುವಿಗೆ ಕೊಟ್ಟ ಔಷಧ ಮೈಯಲ್ಲೇ ಕರಗಿಹೋಗುವುದಿಲ್ಲ. ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳ ದೊಡ್ಡ ಪಾಲು ಸಗಣಿ, ಗಂಜಲದಲ್ಲಿ ಹಾಗೆಯೇ ಹೊರಬರುತ್ತದೆ, ಜೊತೆಗೆ ಅದನ್ನು ಗೆದ್ದ ಬ್ಯಾಕ್ಟೀರಿಯಾವೂ ಬರುತ್ತದೆ. ಹಸಿ ಸಗಣಿಯನ್ನೋ ಹಸಿ ಕೋಳಿಗೊಬ್ಬರವನ್ನೋ ನೇರವಾಗಿ ಹೊಲಕ್ಕೆ ಹೊಡೆದರೆ ಎರಡೂ ಮಣ್ಣಿಗೆ, ಮಳೆ ಬಂದರೆ ಕೆರೆಗೆ ಸೇರುತ್ತವೆ. ಸರಿಯಾಗಿ ಕಾವೇರಿದ ಕಾಂಪೋಸ್ಟ್ ಎಲ್ಲವನ್ನೂ ಅಳಿಸದಿದ್ದರೂ ಬಹಳಷ್ಟನ್ನು ತಗ್ಗಿಸುತ್ತದೆ. ಆದರೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ನಮ್ಮ ಸಾಂಪ್ರದಾಯಿಕ ತಿಪ್ಪೆ ಕಾವೇರುವುದಿಲ್ಲ.

ಸಗಣಿಯ ಜೊತೆ ಹಸು ಬಿಟ್ಟ ಮೇವಿನ ದಂಟು, ಒಣ ಎಲೆ, ಹಿಪ್ಪುನೇರಳೆ ಕಡ್ಡಿಯ ಚೂರುಗಳನ್ನು ಪದರಪದರವಾಗಿ ಹಾಕಿ, ಎದೆಮಟ್ಟದ ಗುಡ್ಡೆ ಮಾಡಬೇಕು. ಹಿಡಿ ತುಂಬ ತೆಗೆದು ಹಿಂಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಒಂದು ಕಬ್ಬಿಣದ ಸಲಾಕೆಯನ್ನು ಗುಡ್ಡೆಯ ನಡುಮಧ್ಯಕ್ಕೆ ಚುಚ್ಚಿಟ್ಟು, ನಾಲ್ಕನೇ ದಿನ ಎಳೆದಾಗ ತುದಿಯನ್ನು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಕಾವು 55 ಡಿಗ್ರಿಯ ಆಸುಪಾಸಿನಲ್ಲಿದೆಯೆಂದು ತಿಳಿಯಬಹುದು. ಈ ಕಾವು ಹದಿನೈದು ದಿನವಾದರೂ ಇರಬೇಕು. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಆ ಅವಧಿಯಲ್ಲಿ ಐದು ಸಲ ಮಗುಚಬೇಕು. ಕೂಲಿ ಹಿಡಿಯುವ ಕೆಲಸ, ನಿಜ.

ಟೊಮೆಟೊ ಹೊಲದಲ್ಲಿ

ಗಿಡ ಸೊರಗಿದರೆ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತ ಪುಡಿಯ ಪ್ಯಾಕೆಟ್ ತಂದು ಸಿಂಪಡಿಸುವುದು ನಮ್ಮ ಕಡೆ ನಡೆಯುತ್ತಿದೆ. ಸ್ಟ್ರೆಪ್ಟೋಮೈಸಿನ್ ಕ್ಷಯರೋಗಕ್ಕೆ ಮೊದಲು ಒದಗಿದ ಔಷಧ. ಕೃಷಿಯಲ್ಲಿ ಈ ಮಿಶ್ರಣದ ಬಳಕೆಯನ್ನು ನಿಷೇಧಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತ್ತು. ಅದನ್ನು ಬಿಟ್ಟರೂ, ಎಲೆ ಮುದುಡುವ ರೋಗ ವೈರಸ್‌ನಿಂದ ಬರುವುದರಿಂದ ಅದಕ್ಕೆ ಈ ಪುಡಿಯಿಂದ ಏನೂ ಆಗುವುದಿಲ್ಲ. ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ಅಲುಗಿಸದೆ ಹಿಡಿದರೆ, ಬ್ಯಾಕ್ಟೀರಿಯಾದ ಸೊರಗು ರೋಗವಿದ್ದಲ್ಲಿ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯುತ್ತದೆ. ಎಳೆ ಕಂಡರೂ ಸಿಂಪಡಣೆಯಿಂದ ಪ್ರಯೋಜನ ಕಡಿಮೆ, ರೋಗ ಕಾಂಡದ ಒಳಗಿನ ನಾಳಗಳಲ್ಲಿರುತ್ತದೆ. ಗಿಡವನ್ನು ಬೇರುಸಹಿತ ಕಿತ್ತು ಹೊಲದಾಚೆ ಸುಡಬೇಕು. ಮುಂದಿನ ಬೆಳೆಗೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬಿಟ್ಟು ರಾಗಿಯನ್ನೋ ಮುಸುಕಿನ ಜೋಳವನ್ನೋ ಹಾಕಬೇಕು, ಮತ್ತೆ ಟೊಮೆಟೊ ಇಡುವಾಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್‌ನಂಥ ಸೊರಗು ತಾಳುವ ತಳಿ ಆರಿಸಬೇಕು.

ಕೆರೆಯ ನೀರು

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಶುದ್ಧೀಕರಿಸಿದ ಒಳಚರಂಡಿ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಹೆಬ್ಬಾಳ–ನಾಗವಾರ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಡೆಗೂ ಬಂದಿದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡವರು ಈ ಯೋಜನೆಯನ್ನು ಹಗುರವಾಗಿ ತಳ್ಳಿಹಾಕಲಾರರು, ನಾನೂ ಹಾಕುವುದಿಲ್ಲ. ಆದರೆ ಈ ನೀರಿಗೆ ಮಾಡುವ ಎರಡನೇ ಹಂತದ ಶುದ್ಧೀಕರಣ ರೂಪುಗೊಂಡಿರುವುದು ನೀರಿನಲ್ಲಿರುವ ಸಾವಯವ ಕೊಳೆಯನ್ನು ತೆಗೆಯಲು. ನಿರೋಧಕ ವಂಶವಾಹಿಗಳನ್ನು ಪೂರ್ತಿ ತೆಗೆಯುವುದು ಅದರ ಗುರಿಯೇ ಅಲ್ಲ. ದೆಹಲಿಯಲ್ಲಿ ಎನ್‌ಡಿಎಂ-1 ಎಂಬ ನಿರೋಧಕ ವಂಶವಾಹಿ ಸಾರ್ವಜನಿಕ ನಲ್ಲಿಯ ನೀರಿನಲ್ಲಿಯೂ ರಸ್ತೆಬದಿಯಲ್ಲಿ ನಿಂತ ನೀರಿನಲ್ಲಿಯೂ ಇದ್ದದ್ದು 2011ರಲ್ಲಿ ವರದಿಯಾಗಿತ್ತು. ಆದ್ದರಿಂದ ಕೆಚ್ಚಲನ್ನೂ ಹಾಲಿನ ಕ್ಯಾನನ್ನೂ ಕೆರೆನೀರಿನಲ್ಲಿ ತೊಳೆಯಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗೆ ಆ ನೀರನ್ನು ಮೇಲಿನಿಂದ ಚಿಮುಕಿಸದೆ ಹನಿ ನೀರಾವರಿಯಲ್ಲಿ ಬುಡಕ್ಕೆ ಕೊಡಬೇಕು, ಕೊಯ್ದ ಮೇಲೆ ಕುಡಿಯುವ ನೀರಿನಲ್ಲೇ ತೊಳೆಯಬೇಕು.

ಮನೆಯವರ ಔಷಧ

ಕೆಂಪು ಗೆರೆಯಿರುವ ಮಾತ್ರೆಗಳನ್ನು ಚೀಟಿಯಿಲ್ಲದೆ ಕೊಳ್ಳಬಾರದು, ಉಳಿದದ್ದನ್ನು ಹಂಚಬಾರದು, ನೆಗಡಿಗೆ ನುಂಗಬಾರದು. ಇದು ಎಲ್ಲರೂ ಕೇಳಿರುವ ಮಾತು. ಕಡಿಮೆ ಜನ ಮಾಡುವ ಕೆಲಸ ಇನ್ನೊಂದಿದೆ. ಜ್ವರ ನಾಲ್ಕೈದು ದಿನ ಬಿಡದೆ ಟೈಫಾಯ್ಡ್ ಅನುಮಾನ ಬಂದಾಗ, ಟೈಫಾಯ್ಡ್‌ಗೆ ಸಾಮಾನ್ಯವಾಗಿ ಮಾಡುವ ವಿಡಾಲ್ ಎಂಬ ರಕ್ತಪರೀಕ್ಷೆಯೊಂದನ್ನೇ ನೆಚ್ಚದೆ, ಆ್ಯಂಟಿಬಯೋಟಿಕ್ ಶುರುಮಾಡುವ ಮುಂಚೆ ರಕ್ತದ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಹಸುವಿನ ಹಾಲಿಗೆ ಹೇಳಿದ ನ್ಯಾಯವೇ ಇಲ್ಲಿಯೂ.

ಗೋಡೆಯ ಪುಸ್ತಕ

ಈಗ ನಮ್ಮ ಕೊಟ್ಟಿಗೆಯ ಗೋಡೆಗೆ ದಾರ ಕಟ್ಟಿದ ನೋಟ್‌ಬುಕ್ಕೊಂದು ನೇತಾಡುತ್ತಿದೆ. ಹಸುವಿನ ಕಿವಿಯ ಹಳದಿ ಓಲೆಯ 12 ಅಂಕಿಗಳ ಪೈಕಿ ಕೊನೆಯ ನಾಲ್ಕು, ಕಾಯಿಲೆ, ಮಾದರಿ ತೆಗೆದ ದಿನ, ಔಷಧದ ಹೆಸರು, ಕೊಟ್ಟವರು ಯಾರು, ಕೊನೆಯ ಡೋಸ್‌ನ ತಾರೀಖು, ಮತ್ತೆ ಡೈರಿಗೆ ಹಾಲು ಹಾಕಬಹುದಾದ ತಾರೀಖು. ಔಷಧದ ಹೆಸರನ್ನು ಬಾಟಲಿ ನೋಡಿಯೇ ಬರೆಯಬೇಕು, ನೆನಪಿನಿಂದ ಬರೆಯಬಾರದು. ಒಂದೇ ಔಷಧ ಮೂರು ಕಂಪನಿಯ ಹೆಸರಿನಲ್ಲಿ ಬರುವುದರಿಂದ ಬ್ರಾಂಡ್ ಹೆಸರಿನ ಕೆಳಗಿರುವ ಸಣ್ಣ ಅಕ್ಷರದ ಹೆಸರೇ ಮುಖ್ಯ. ಪಶುವೈದ್ಯರು ಬಂದಾಗ ಮೊದಲು ಈ ಪುಸ್ತಕವನ್ನು ಅವರ ಕೈಗೆ ಕೊಡುತ್ತೇವೆ, ಆಮೇಲೆ ಹಸುವನ್ನು ತೋರಿಸುತ್ತೇವೆ.