ಬಾಂಗಡೆ ಪೆಸ್ಕಾದೊ, ಬಾವಿ ಪೋಸೊ: ಹೈಸ್ಕೂಲು ಮಕ್ಕಳ ಮೊದಲ ವರ್ಷದ ಸ್ಪ್ಯಾನಿಷ್

ಕಳೆದ ವರ್ಷ ನನ್ನ ಕ್ಲಾಸಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ಮನೆಯ ಬಗ್ಗೆ ಸ್ಪ್ಯಾನಿಷಿನಲ್ಲಿ ಐದು ವಾಕ್ಯ ಬರೆದು ತಂದ. ಮೂರನೆಯ ವಾಕ್ಯದ ತಲೆಬುಡ ನನಗೆ ಗೊತ್ತಾಗಲಿಲ್ಲ. ‘ನಮ್ಮ ಮನೆ ಎದುರು ಒಂದು ಚೆನ್ನಾಗಿ ಇದೆ’ ಎಂದಿತ್ತು. ಏನೋ ಇದು ಎಂದೆ. ‘ಬಾವಿ ಸರ್’ ಎಂದ. ಆಗ ಹೊಳೆಯಿತು. ಬಾವಿಗೆ ಇಂಗ್ಲಿಷಿನಲ್ಲಿ ವೆಲ್. ಫೋನಿನಲ್ಲಿ ವೆಲ್ ಎಂದು ಹಾಕಿದ್ದಾನೆ. ಅದು ‘ಬ್ಯೆನ್’ ಎಂದು ಕೊಟ್ಟಿದೆ. ಬ್ಯೆನ್ ಎಂದರೆ ‘ಚೆನ್ನಾಗಿ’. ಅವನಿಗೆ ಬೇಕಾಗಿದ್ದ ಪದ ‘ಪೋಸೊ’.

ತಪ್ಪು ಹುಡುಗನದ್ದಲ್ಲ, ದಾರಿಯದ್ದು. ಕಾರವಾರದಿಂದ ಸದಾಶಿವಗಡಕ್ಕೆ ಹೋಗಲು ಕಾಳಿ ಸೇತುವೆ ಇರುವಾಗ ಅಂಕೋಲೆ ಸುತ್ತಿ ಹೋದ ಹಾಗೆ. ಕನ್ನಡ, ಕೊಂಕಣಿ ಗೊತ್ತಿರುವ ಮಕ್ಕಳಿಗೆ ಸ್ಪ್ಯಾನಿಷಿಗೆ ನೇರ ದಾರಿಯೇ ಇದೆ. ಇಂಗ್ಲಿಷ್ ಸುತ್ತಿ ಹೋದರೇ ಕಷ್ಟ ಜಾಸ್ತಿ.

ನಾನು ಹನ್ನೊಂದು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದವನು. ಅಲ್ಲಿ ಪೆರು, ಹೊಂಡುರಾಸ್, ಕೊಲಂಬಿಯಾದವರ ಜೊತೆ ಈರುಳ್ಳಿ ಹೆಚ್ಚುತ್ತಾ ಸ್ಪ್ಯಾನಿಷ್ ಕಲಿತೆ. ಆಮೇಲೆ ಪುಸ್ತಕ ಹಿಡಿದು ಸರಿಯಾಗಿ ಓದಿದೆ. ಈಗ ಕೋಡಿಬಾಗದ ಮನೆಯಲ್ಲಿ ಶನಿವಾರ, ಭಾನುವಾರ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಪ್ರತಿ ಜೂನ್‌ನಲ್ಲಿ ತಂದೆತಾಯಿ ಕೇಳುವುದು ಒಂದೇ: ‘ಮಕ್ಕಳು ಏನೇನು ಮಾಡಬೇಕು?’ ಅದಕ್ಕೆ ಉತ್ತರ ಇಲ್ಲಿದೆ.

ಮೊದಲ ಹೆಜ್ಜೆ: ಎರಡು ವಾರ ಬರೀ ಬಾಯಿ

ಮೊದಲ ಎರಡು ವಾರ ವ್ಯಾಕರಣ ಇಲ್ಲ. ಕೇಳುವುದು, ಗಟ್ಟಿಯಾಗಿ ಹೇಳುವುದು, ಅಷ್ಟೇ. ಸ್ಪ್ಯಾನಿಷಿನಲ್ಲಿ ಸ್ವರ ಐದೇ: ಅ, ಎ, ಇ, ಒ, ಉ. ಬರೆದ ಹಾಗೆ ಓದುವುದು. ಇಂಗ್ಲಿಷಿನ ಹಾಗೆ ಒಂದೇ ಅಕ್ಷರಕ್ಕೆ ನಾಲ್ಕು ಉಚ್ಚಾರ ಇಲ್ಲ.

ಆದರೆ ನಮ್ಮ ಮಕ್ಕಳು ಇಂಗ್ಲಿಷ್ ಲಿಪಿ ಕಂಡ ಕೂಡಲೇ ನಾಲಿಗೆ ಮಡಚಿ ಟ, ಡ ಶುರುಮಾಡುತ್ತಾರೆ. ಸ್ಪ್ಯಾನಿಷಿನಲ್ಲಿ ಟ, ಡ ಇಲ್ಲವೇ ಇಲ್ಲ. ಅಲ್ಲಿ ತ, ದ. ಟೊಮೇಟೊ ಅಲ್ಲ, ‘ತೊಮಾತೆ’. ‘ಬ್ವೆನಾಸ್ ತಾರ್ದೆಸ್’, ಅಂದರೆ ಮಧ್ಯಾಹ್ನದ ನಮಸ್ಕಾರ. ಕನ್ನಡದ ಕ, ತ, ಪ ಹೇಗೆ ಉಸಿರು ಬಿಡದೆ ಹೇಳುತ್ತೇವೋ ಹಾಗೇ ಹೇಳಿದರೆ ಸಾಕು.

ಅಕ್ಷರ ಒಟ್ಟು 27. ಹಳೆಯ ಪುಸ್ತಕ ಸಿಕ್ಕಿದರೆ ಅದರಲ್ಲಿ 29 ಇರಬಹುದು, ಗಾಬರಿ ಬೇಡ. 1713ರಲ್ಲಿ ಶುರುವಾದ ಸ್ಪೇನಿನ ಭಾಷಾ ಅಕಾಡೆಮಿ 2010ರಲ್ಲಿ ಎರಡು ಜೋಡಿ ಅಕ್ಷರಗಳನ್ನು ಪಟ್ಟಿಯಿಂದ ತೆಗೆಯಿತು. ಎಚ್ ಅಕ್ಷರ ಇದ್ದರೂ ಸದ್ದಿಲ್ಲ, ಹಾಗಾಗಿ ನಮಸ್ಕಾರಕ್ಕೆ ‘ಓಲಾ’. ಜೆ ಅಕ್ಷರಕ್ಕೆ ಗಂಟಲಿನ ಹ. ಎರಡು ಎಲ್ ಒಟ್ಟಿಗೆ ಬಂದರೆ ಯ. ವಿ ಮತ್ತು ಬಿ ಎರಡಕ್ಕೂ ಬ. ಎರಡು ಆರ್ ಬಂದರೆ ನಾಲಿಗೆ ಗುರ್ರನೆ ಕುಣಿಯಬೇಕು. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಕರ್ರಗಿನ ಪೆರ್ರೊ ಎಂದು ಮೂರು ಸಲ ಹೇಳಿದರೆ ನಮ್ಮವರಿಗೆ ಬಂದುಬಿಡುತ್ತದೆ.

ಎನ್ ಅಕ್ಷರದ ತಲೆ ಮೇಲೆ ಅಲೆಯಂಥ ಒಂದು ಗೆರೆ ಬರುತ್ತದೆ. ಅದು ನಮ್ಮ ಞ. ವರ್ಣಮಾಲೆಯ ಮೂಲೆಯಲ್ಲಿ ಕೆಲಸವಿಲ್ಲದೆ ಕೂತ ಞಗೆ ಇಲ್ಲಿ ದಿನಾ ಡ್ಯೂಟಿ. ‘ಮಞಾನಾ’ ಎಂದರೆ ನಾಳೆ, ಬೆಳಿಗ್ಗೆ ಎಂದೂ ಹೌದು. ‘ಆಞೊ’ ಎಂದರೆ ವರ್ಷ. ಆ ಗೆರೆ ಮರೆತು ನ ಮಾಡಿದಿರೋ, ವರ್ಷ ಹೋಗಿ ಮೈಯ ಒಂದು ಭಾಗದ ಹೆಸರಾಗುತ್ತದೆ. ಯಾವ ಭಾಗ ಎಂದು ಭಾನುವಾರದ ಪುರವಣಿಯಲ್ಲಿ ಬರೆಯುವ ಹಾಗಿಲ್ಲ. ಹಡಗಿನಲ್ಲಿ ಮೊದಲ ತಿಂಗಳು ನಾನು ನನ್ನ ವಯಸ್ಸು ಹೇಳಿ ಇಡೀ ಅಡುಗೆಮನೆಯನ್ನು ನಗಿಸಿದ್ದೇನೆ.

ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬಹುದಾ? ದೀಪಾವಳಿವರೆಗೆ ಬರೆದುಕೊಳ್ಳಿ. ಆಮೇಲೆ ಬೇಡ.

ಎರಡನೇ ಹೆಜ್ಜೆ: ವಾರಕ್ಕೆ ಹತ್ತು ಪದ

ಹತ್ತೇ ಪದ. ಆದರೆ ಹತ್ತೂ ಬರಬೇಕು. ಕ್ಲಾಸು ನಡೆಯುವ ಮೂವತ್ತು ವಾರಕ್ಕೆ ಮುನ್ನೂರು ಪದ ಆಯಿತು. ಮೊದಲ ವರ್ಷಕ್ಕೆ ಅದು ಧಾರಾಳ.

ಇಲ್ಲೊಂದು ಶಿಸ್ತು ಬೇಕು. ಪದ ಒಂದನ್ನೇ ಬರೆಯಬೇಡಿ, ಅದರ ಮುಂದೆ ‘ಎಲ್’ ಅಥವಾ ‘ಲಾ’ ಸೇರಿಸಿಯೇ ಬರೆಯಿರಿ. ಸ್ಪ್ಯಾನಿಷಿನಲ್ಲಿ ವಸ್ತುಗಳಿಗೂ ಗಂಡು ಹೆಣ್ಣು ಇದೆ. ಪುಸ್ತಕ ಗಂಡು, ‘ಎಲ್ ಲಿಬ್ರೊ’. ಮೇಜು ಹೆಣ್ಣು, ‘ಲಾ ಮೇಸಾ’. ಒ ಕೊನೆಯಾದರೆ ಸಾಮಾನ್ಯವಾಗಿ ಗಂಡು, ಆ ಕೊನೆಯಾದರೆ ಹೆಣ್ಣು. ಆದರೆ ದಿನ ‘ಎಲ್ ದಿಯಾ’, ಕೈ ‘ಲಾ ಮಾನೊ’. ಯಾಕೆ ಎಂದು ಕೇಳಬೇಡಿ, ಬಾಯಿಪಾಠ ಮಾಡಿ.

ಕನ್ನಡ ಮನೆಮಾತಿನ ಮಕ್ಕಳಿಗೆ ಇದು ತಲೆನೋವು. ನಮಗೆ ವಸ್ತು ಎಂದರೆ ‘ಅದು’, ಮುಗಿಯಿತು. ಶಿರಸಿ ಕಡೆಯ ಹವ್ಯಕರ ಮನೆಯಲ್ಲಂತೂ ‘ಆಯಿ ಬಂತು’ ಎನ್ನುತ್ತಾರೆ. ಅಲ್ಲಿ ಅಮ್ಮನೇ ನಪುಂಸಕ, ಇಲ್ಲಿ ಮೇಜು ಹೆಣ್ಣು! ಶಿರಸಿಯಿಂದ ಫೋನಿನಲ್ಲಿ ಕ್ಲಾಸಿಗೆ ಬರುವ ಹುಡುಗಿಗೆ ಇದನ್ನು ಹೇಳಿದಾಗ ಅವಳ ಹಿಂದೆ ನಿಂತಿದ್ದ ಆಯಿಯೇ ಜೋರಾಗಿ ನಕ್ಕರು. ಕೊಂಕಣಿ ಮಕ್ಕಳಿಗೆ ವಸ್ತುವಿಗೂ ತೊ, ತಿ, ತೆಂ ಹಚ್ಚುವುದು ರೂಢಿ. ಹಿಂದಿಯಲ್ಲಿ ‘ಬಸ್ ಆತಾ ಹೈ’ ಎಂದು ಬರೆದು ಅಂಕ ಕಳೆದುಕೊಂಡವರಿಗೂ ರುಚಿ ಗೊತ್ತು. ಆದರೆ ಹಿಂದಿಯ ಲಿಂಗವನ್ನು ಹಾಗೇ ಇಲ್ಲಿಗೆ ಎತ್ತಿಕೊಂಡು ಬರಬೇಡಿ. ಹಿಂದಿಯಲ್ಲಿ ಬಸ್ಸು ಹೆಣ್ಣು, ಸ್ಪ್ಯಾನಿಷಿನಲ್ಲಿ ಗಂಡು.

ಕಾರವಾರದ ಮಕ್ಕಳಿಗೆ ಇನ್ನೊಂದು ಲಾಭ ಇದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಗೋವೆಯ ಪಕ್ಕ ಇದ್ದು ಇದ್ದು ನಮ್ಮ ಮನೆಗಳಿಗೆ ಪೋರ್ಚುಗೀಸ್ ಪದಗಳು ಬಂದು ಕೂತಿವೆ. ಪೋರ್ಚುಗೀಸು ಸ್ಪ್ಯಾನಿಷಿನ ಒಡಹುಟ್ಟು. ನಮ್ಮ ಬಾಲ್ದಿ ಸ್ಪ್ಯಾನಿಷಿನಲ್ಲೂ ‘ಬಾಲ್ದೆ’. ಪಗಾರ ಇದೆಯಲ್ಲ, ಅಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. ಪಾವ್ ‘ಪಾನ್’ ಆಗುತ್ತದೆ, ಬಟಾಟೆ ‘ಪತಾತಾ’. ಅಲಮಾರಿ ‘ಅರ್ಮಾರಿಯೊ’, ಇಗರ್ಜಿ ‘ಇಗ್ಲೇಸಿಯಾ’. ಚಾವಿ ಮಾತ್ರ ವೇಷ ಬದಲಿಸಿ ‘ಯಾವೆ’ ಆಗಿದೆ. ಮನೆಯಲ್ಲಿ ಅಜ್ಜಿಯ ಹತ್ತಿರ ಕೂತು ಇಂಥ ಪದ ಹುಡುಕಿ ತರುವುದು ನನ್ನ ಕ್ಲಾಸಿನ ಮೊದಲ ಹೋಮ್‌ವರ್ಕ್.

ಪದ ಕಲಿಯಲು ನಾನು ಮಕ್ಕಳನ್ನು ಮೀನು ಪೇಟೆಗೆ ಕರೆದುಕೊಂಡು ಹೋಗುತ್ತೇನೆ. ಸ್ಪ್ಯಾನಿಷಿನಲ್ಲಿ ಮೀನಿಗೆ ಎರಡು ಪದ. ನೀರಿನಲ್ಲಿ ಈಜುವುದು ‘ಪೆಸ್’, ಹಿಡಿದು ತಂದದ್ದು ‘ಪೆಸ್ಕಾದೊ’. ಬುಟ್ಟಿಯಲ್ಲಿರುವ ಬಾಂಗಡೆ, ತಾರ್ಲೆ ಎಲ್ಲ ಪೆಸ್ಕಾದೊ. ಒಂದು ಭಾನುವಾರ ಬೈತಖೋಲದ ಬಂದರಿನಲ್ಲಿ ದೋಣಿಯಿಂದ ಆಗಷ್ಟೇ ಇಳಿಸಿದ ಬುಟ್ಟಿ ನೋಡುತ್ತಾ ಎಂಟನೇ ತರಗತಿಯ ಹುಡುಗಿ ಕೇಳಿದಳು: ‘ಸರ್, ಇದು ಇನ್ನೂ ಬಾಯಿ ಬಿಡ್ತಾ ಇದೆ. ಪೆಸ್ಸಾ, ಪೆಸ್ಕಾದೊನಾ?’ ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಪೆಸ್ಕಾದೊ ಎಂದರೆ ‘ಹಿಡಿದದ್ದು’ ಎಂದೇ ಅರ್ಥ, ಹಾಗಾಗಿ ಬಲೆಗೆ ಬಿದ್ದ ಮೇಲೆ ಪೆಸ್ಕಾದೊ ಎಂದೆ. ಮೀನು ಮಾರುವ ಅಕ್ಕ ಕೇಳಿಸಿಕೊಳ್ಳುತ್ತಿದ್ದರು. ‘ಎಂತದೋ ಒಂದು, ತಗೊಳ್ಳಿ ಬೇಗ, ಬಿಸಿಲು ಬರ್ತಾ ಇದೆ’ ಎಂದರು. ಹುಡುಗಿ ‘ಕ್ವಾಂತೊ ಕ್ವೆಸ್ತಾ?’ ಎಂದು ರೇಟು ಕೇಳಿ, ಅಕ್ಕ ಹೇಳಿದ ರೇಟನ್ನು ಸ್ಪ್ಯಾನಿಷ್ ಅಂಕಿಯಲ್ಲಿ ನನಗೆ ಹೇಳಿದಳು. ಪೆಸ್ಕಾದೊ ಪದವನ್ನು ಅವಳು ಇನ್ನು ಮರೆಯುವುದಿಲ್ಲ.

ಮೂರನೇ ಹೆಜ್ಜೆ: ವಾಕ್ಯ ಕಟ್ಟುವುದು

ಜುಲೈ ಕೊನೆಗೆ ಕ್ರಿಯಾಪದ ಶುರು. ಇಂಗ್ಲಿಷ್ ಮಾತಾಡುವ ಮಕ್ಕಳು ಇಲ್ಲೇ ಒದ್ದಾಡುವುದು. ನಮಗೆ ಅದು ಹಳೆಯ ನೆಂಟ. ಮಾತಾಡುತ್ತೇನೆ ‘ಆಬ್ಲೊ’, ಮಾತಾಡುತ್ತೀಯ ‘ಆಬ್ಲಾಸ್’, ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ ‘ಆಬ್ಲಾ’, ಮಾತಾಡುತ್ತೇವೆ ‘ಆಬ್ಲಾಮೊಸ್’, ಮಾತಾಡುತ್ತಾರೆ ‘ಆಬ್ಲಾನ್’. ಬಾಲ ನೋಡಿದರೆ ಯಾರು ಎಂದು ಗೊತ್ತಾಗುತ್ತದೆ. ‘ಬರ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ, ಅಲ್ವಾ? ಅಲ್ಲೂ ಹಾಗೇ. ಗೆಳೆಯರಿಗೆ ‘ತೂ’, ಹಿರಿಯರಿಗೆ ‘ಉಸ್ತೆದ್’. ನೀನು, ನೀವು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ನೆನಪಿಡಿ, ಉಸ್ತೆದ್ ಬಂದಾಗ ಕ್ರಿಯಾಪದಕ್ಕೆ ‘ಅವನು, ಅವಳು’ಗೆ ಹಚ್ಚುವ ಬಾಲ.

ಇನ್ನೂ ಚೆಂದದ್ದು ‘ಇಷ್ಟ’. ‘ಮೆ ಗುಸ್ತಾ ಎಲ್ ಪೆಸ್ಕಾದೊ’, ಅಂದರೆ ನನಗೆ ಮೀನು ಇಷ್ಟ. ಪದಕ್ಕೆ ಪದ ಕನ್ನಡದ್ದೇ ಲೆಕ್ಕ. ‘ಮೆ’ ಎಂದರೆ ನನಗೆ. ‘ಮೆ ದ್ವೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತದೆ. ‘ನಾನು ಮೀನನ್ನು ಇಷ್ಟಪಡುತ್ತೇನೆ’ ಎಂದು ಇಂಗ್ಲಿಷ್ ದಾರಿಯಲ್ಲಿ ಯೋಚಿಸಿದರೆ ಇಡೀ ವಾಕ್ಯ ಬುಡಮೇಲು.

‘ಇರು’ ಎನ್ನಲು ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದ, ಸೇರ್ ಮತ್ತು ಎಸ್ತಾರ್. ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ನಿಯಮ ಕೊಡುತ್ತವೆ. ನನ್ನ ನಾಟಿ ನಿಯಮ ಒಂದೇ ಸಾಲು. ಕನ್ನಡದಲ್ಲಿ ಕ್ರಿಯಾಪದವೇ ಬೇಡದಿದ್ದರೆ ಸೇರ್: ‘ನಾನು ವಿದ್ಯಾರ್ಥಿ’, ‘ಸೊಯ್ ಎಸ್ತುದಿಯಾಂತೆ’. ‘ಇದ್ದೇನೆ’ ಬಂದರೆ ಎಸ್ತಾರ್: ‘ಮನೆಯಲ್ಲಿ ಇದ್ದೇನೆ’, ‘ಎಸ್ತೊಯ್ ಎನ್ ಕಾಸಾ’. ಎಲ್ಲ ಕಡೆ ನಡೆಯುವುದಿಲ್ಲ. ‘ಅವಳು ಎತ್ತರ ಇದ್ದಾಳೆ’ ಎನ್ನಲು ಸೇರ್ ಬೇಕು. ಆದರೂ ಮೊದಲ ವರ್ಷದಲ್ಲಿ ಹೆಚ್ಚಿನ ವಾಕ್ಯ ದಾಟಿಸುತ್ತದೆ.

ಕೈಕೊಡುವ ಜಾಗವೂ ಇದೆ. ವಯಸ್ಸಿಗೆ, ಹಸಿವಿಗೆ ನಾವು ‘ನನಗೆ’ ಎನ್ನುತ್ತೇವೆ. ಅವರು ‘ನನ್ನ ಬಳಿ ಇದೆ’ ಎನ್ನುತ್ತಾರೆ. ‘ತೆಂಗೊ ಕತೋರ್ಸೆ ಆಞೊಸ್’, ನನಗೆ ಹದಿನಾಲ್ಕು ವರ್ಷ. ತೆಂಗೊ ಕೇಳಿದ ಕೂಡಲೇ ಕ್ಲಾಸಿನಲ್ಲಿ ನಗು. ನಗಲಿ. ‘ತೆಂಗೊ ಎಂದರೆ ನನ್ನ ಹತ್ತಿರ ಉಂಟು’ ಎಂದು ತೆಂಗಿನ ಮರದ ಚಿತ್ರ ಬರೆದುಕೊಂಡವರು ಪರೀಕ್ಷೆಯಲ್ಲಿ ತಪ್ಪಲಿಲ್ಲ.

ನಾಲ್ಕನೇ ಹೆಜ್ಜೆ: ದಿನಕ್ಕೆ ಹದಿನೈದು ನಿಮಿಷ

ಶನಿವಾರ ಬೆಳಿಗ್ಗೆ ಎರಡು ತಾಸು ಒಟ್ಟಿಗೆ ಓದಿ ಬರುವವರು ನನಗೆ ಮುಖ ನೋಡಿದರೇ ಗೊತ್ತಾಗುತ್ತದೆ. ಅದರಿಂದ ಪ್ರಯೋಜನ ಇಲ್ಲ. ದಿನಾ ಹದಿನೈದು ನಿಮಿಷ, ಅದೂ ಗಟ್ಟಿಯಾಗಿ ಓದುವುದು. ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಪಿಸುಗುಟ್ಟಿದರೆ ನಾಲಿಗೆ ತಿರುಗುವುದಿಲ್ಲ.

ಕ್ಲಾಸಿನಲ್ಲಿ ಸುಮ್ನೆ ಕೂತವರಿಗೆ ಅಂಕ ಇಲ್ಲ, ತಪ್ಪು ಮಾತಾಡಿದವರಿಗೆ ಇದೆ. ಗೊತ್ತಾಗದಿದ್ದರೆ ಕೇಳಲು ಮೂರು ವಾಕ್ಯ ಮೊದಲ ದಿನವೇ ಕೊಡುತ್ತೇನೆ. ‘ನೊ ಎಂತಿಯೆಂದೊ’, ಅರ್ಥವಾಗಲಿಲ್ಲ. ‘ಮಾಸ್ ದೆಸ್ಪಾಸಿಯೊ, ಪೊರ್ ಫಬೋರ್’, ಸ್ವಲ್ಪ ನಿಧಾನ, ದಯವಿಟ್ಟು. ‘ಕೋಮೊ ಸೆ ದೀಸೆ?’, ಇದಕ್ಕೆ ಏನನ್ನುತ್ತಾರೆ? ಸೆಪ್ಟೆಂಬರಿನಿಂದ ಈ ಮೂರನ್ನು ಕನ್ನಡದಲ್ಲಿ ಕೇಳಿದರೆ ನನಗೆ ಕಿವಿ ಕೇಳಿಸುವುದಿಲ್ಲ.

ಫೋನಿನಲ್ಲಿ ಪದ ನೋಡಬಹುದು, ವಾಕ್ಯ ಮಾಡಿಸುವ ಹಾಗಿಲ್ಲ. ಪದ ನೋಡಿದ ಮೇಲೆ ಅದನ್ನೇ ತಿರುಗಿಸಿ ಸ್ಪ್ಯಾನಿಷಿನಿಂದ ಕನ್ನಡಕ್ಕೆ ಹಾಕಿ ನೋಡಿ. ಬಾವಿ ಹುಡುಗ ಹಾಗೆ ಮಾಡಿದ್ದರೆ ‘ಚೆನ್ನಾಗಿ’ ಎಂದು ಬಂದು ಅಲ್ಲೇ ಸಿಕ್ಕಿಬೀಳುತ್ತಿದ್ದ.

ಬರೆಯುವಾಗ ಪ್ರಶ್ನೆ ಚಿಹ್ನೆ ವಾಕ್ಯದ ಮೊದಲಿಗೂ ಬರಬೇಕು, ತಲೆಕೆಳಗಾಗಿ. ಸ್ವರದ ಮೇಲಿನ ಸಣ್ಣ ಗೀಟನ್ನೂ ಬಿಡಬೇಡಿ. ಗೀಟು ಇದ್ದರೆ ಅಪ್ಪ, ‘ಪಪಾ’. ಇಲ್ಲದಿದ್ದರೆ ‘ಪಾಪಾ’, ಲ್ಯಾಟಿನ್ ಅಮೆರಿಕದಲ್ಲಿ ಅದು ಬಟಾಟೆ.

ಮಾರ್ಚ್ ಹೊತ್ತಿಗೆ

ಮೂರು ನಿಮಿಷ ನಿಲ್ಲದೆ ತನ್ನ ಬಗ್ಗೆ, ಮನೆ, ಊರು, ಊಟದ ಬಗ್ಗೆ ಹೇಳಬೇಕು. ಗಂಟೆ, ದಿನಾಂಕ, ನೂರರವರೆಗೆ ಅಂಕಿ ಬರಬೇಕು. ಸಣ್ಣ ಪತ್ರ ಬರೆಯಬೇಕು. ಅಷ್ಟೇ. ನಂತರ ಆಸೆ ಇದ್ದವರಿಗೆ ‘ದೆಲೆ’ ಪರೀಕ್ಷೆ ಇದೆ, ಅದರಲ್ಲಿ ಶಾಲೆ ಮಕ್ಕಳಿಗೇ ಎಂದು ಮಾಡಿದ ಎ1 ಹಂತವೂ ಉಂಟು. ಅದನ್ನು ನಡೆಸುವ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ. ಮೊದಲ ವರ್ಷವೇ ಅದಕ್ಕೆ ಓಡುವುದು ಬೇಡ ಎಂದು ನನ್ನ ಅಭಿಪ್ರಾಯ.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ: ಸುಮಾರು 50 ಕೋಟಿ ಜನರ ಮನೆಮಾತು, 20 ದೇಶಗಳ ಆಡಳಿತ ಭಾಷೆ, ವಿಶ್ವಸಂಸ್ಥೆಯ ಆರು ಭಾಷೆಗಳಲ್ಲೊಂದು. ಹಡಗು, ಹೋಟೆಲು, ಗೋಕರ್ಣದ ಪ್ರವಾಸಿಗರು ಎಲ್ಲ ಇದ್ದೇ ಇದೆ. ಆದರೆ ನೌಕರಿ ಸಿಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ಮೊದಲ ದಿನ ತರಬೇಕಾದದ್ದು: ಇನ್ನೂರು ಪುಟದ ನೋಟ್‌ಬುಕ್ಕು, ಗಂಡು ಹೆಣ್ಣು ಪದಗಳಿಗೆ ಎರಡು ಬಣ್ಣದ ಪೆನ್ನು, ಅಜ್ಜಿ ಕೊಟ್ಟ ಐದು ಪದ. ಜೂನ್ ಆದ್ದರಿಂದ ಛತ್ರಿ. ಛತ್ರಿಗೆ ಸ್ಪ್ಯಾನಿಷಿನಲ್ಲಿ ‘ಪರಾಗ್ವಾಸ್’, ನೀರು ತಡೆಯುವುದು ಎಂದರ್ಥ. ಕೇಳಲು ಹೆಣ್ಣಿನ ಹಾಗಿದ್ದರೂ ಗಂಡು, ‘ಎಲ್ ಪರಾಗ್ವಾಸ್’. ಒಳಗೆ ತರಬೇಡಿ, ಬಾಗಿಲ ಹೊರಗೆ ಬಾಲ್ದೆ ಇಟ್ಟಿರುತ್ತೇನೆ.