ಟೈಮಿಂಗ್ ಕೂರಿಸುವಾಗ ಸಿಲಿಂಡರ್ ಒಳಗೆ ಏನಾಗುತ್ತಿರುತ್ತದೆ

ಮೈಸೂರಿನಲ್ಲಿ ಪಾಯಿಂಟ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್) ಇರುವ ಹಳೆಯ ಬುಲೆಟ್ 350 ಬೈಕುಗಳನ್ನು ರಿಪೇರಿ ಮಾಡುತ್ತೇನೆ. ಆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂದು ಹೊಂದಿಸುವುದೇ ಟೈಮಿಂಗ್ ಕೂರಿಸುವುದು. ಕೆಲಸ ಕಲಿಯಲು ಬರುವ ಹುಡುಗರೆಲ್ಲ 'ಪೆಟ್ರೋಲ್ ಒಳಗೆ ಸಿಡಿಯುತ್ತೆ, ಪಿಸ್ಟನ್ ಕೆಳಗೆ ಹೋಗುತ್ತೆ' ಅಂತಲೇ ನಂಬಿರುತ್ತಾರೆ. ಸಿಡಿಯಲ್ಲ ಕಣಪ್ಪಾ, ಉರಿಯುತ್ತೆ. ಒಣಹುಲ್ಲಿಗೆ ಬಿದ್ದ ಕಿಡಿಯಂತೆ ಪ್ಲಗ್ ಹತ್ತಿರ ಹೊತ್ತಿಕೊಂಡು ಆಚೆ ಗೋಡೆಯವರೆಗೆ ಹಬ್ಬುತ್ತೆ. ಬುಲೆಟ್ಟಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 70 ಮಿ.ಮೀ.; ಪ್ಲಗ್ ಒಂದು ಪಕ್ಕಕ್ಕಿರುವುದರಿಂದ ಬೆಂಕಿ ಹೆಚ್ಚುಕಡಿಮೆ ಅಷ್ಟೂ ದೂರ ಹೋಗಬೇಕು. 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅದರಲ್ಲಿ ಎರಡು-ಮೂರು ಉರಿಗೇ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ 40-50 ಡಿಗ್ರಿ ತಿರುಗಿಬಿಟ್ಟಿರುತ್ತದೆ.

ಅದಕ್ಕೇ ಪಿಸ್ಟನ್ ಟಾಪ್ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಟಾಪ್ ದಾಟಿ ಸುಮಾರು 15 ಡಿಗ್ರಿ ಇಳಿದಾಗ ಒತ್ತಡ ತುಂಬಾ ಜೋರಾಗಿದ್ದರೆ ಪೂರ್ತಿ ಎಳೆತ ಸಿಗುತ್ತದೆ. ಬೇಗ ಹೊತ್ತಿದರೆ ಇನ್ನೂ ಏರುತ್ತಿರುವ ಪಿಸ್ಟನ್ನಿಗೆ ಪೆಟ್ಟು, ಕಿಕ್ಕರ್ ತಿರುಗಿ ಕಾಲಿಗೆ ಒದೆಯುತ್ತದೆ. ತಡವಾದರೆ ಶಾಖವೆಲ್ಲ ಸೈಲೆನ್ಸರ್ ಪಾಲು, ಬೆಂಡ್ ಪೈಪ್ ನೀಲಿಗಟ್ಟುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ.ಗೆ ಇಡುತ್ತೇನೆ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಪ್ಲಗ್ ಬಿಚ್ಚಿ, ಹಿಂದಿನ ಚಕ್ರ ತಿರುಗಿಸುತ್ತಾ ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ನನ್ನು ಟಾಪಿಗೆ ತಂದು, 0.8 ಮಿ.ಮೀ. ಹಿಂದಕ್ಕೆ ಇಳಿಸುತ್ತೇನೆ. ಅದು ಹತ್ತು ಡಿಗ್ರಿ ಆಸುಪಾಸು. ಈಗ ಇಗ್ನಿಷನ್ ಆನ್. ಪಾಯಿಂಟ್ ಮುಚ್ಚಿದ್ದಾಗ ಆಮ್ಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ಎಡಕ್ಕೆ ವಾಲಿರುತ್ತದೆ. ಪಾಯಿಂಟ್ ಕೂತಿರುವ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಮುಳ್ಳು ಟಕ್ಕನೆ ನಡುವಿಗೆ ಜಿಗಿಯುತ್ತದೆ, ಅಂದರೆ ಪಾಯಿಂಟ್ ತೆರೆಯಿತು. ಅಲ್ಲೇ ಸ್ಕ್ರೂ ಬಿಗಿ. ಟೈಮಿಂಗ್ ಲೈಟಿಗಿಂತ ನನಗೆ ಈ ಮುಳ್ಳಿನ ಮೇಲೆಯೇ ಭರವಸೆ ಜಾಸ್ತಿ.

ಸ್ಪೀಡ್ ಏರಿದಂತೆ ಅಡ್ವಾನ್ಸ್ ಯೂನಿಟ್ಟಿನ ವೇಟುಗಳು ಹೊರಕ್ಕೆ ಬಿಚ್ಚಿಕೊಂಡು ಕಿಡಿಯನ್ನು ಟಾಪಿಗಿಂತ 30 ಡಿಗ್ರಿಗೂ ಹೆಚ್ಚು ಮುಂಚೆಗೆ ಒಯ್ಯುತ್ತವೆ. ಅದರ ಸ್ಪ್ರಿಂಗ್ ಸಡಿಲವಾಗಿದ್ದರೆ ಸ್ಟ್ಯಾಂಡಿನ ಮೇಲೆ ಎಲ್ಲ ಸರಿ ಕಾಣುತ್ತದೆ, ಏರಿನಲ್ಲಿ ಬಣ್ಣ ಬಯಲು. ಹಾಗಾಗಿ ಕೊನೆಯ ಪರೀಕ್ಷೆ ಚಾಮುಂಡಿ ಬೆಟ್ಟದ ರಸ್ತೆಯಲ್ಲೇ. ಟಾಪ್ ಗೇರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ 'ಟಿಣ್ ಟಿಣ್' ಎಂಬ ಲೋಹದ ಸದ್ದು ಬಂದರೆ ನಾಕಿಂಗ್. ಬೆಂಕಿ ಬಂದು ಮುಟ್ಟುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ-ಕಾವಿಗೆ ತಾನಾಗಿಯೇ ಒಟ್ಟಿಗೆ ಹೊತ್ತಿಕೊಂಡಿದೆ ಎಂದರ್ಥ. ಹುಡುಗರು ಹೇಳುವ ಸಿಡಿತ ಏನಿದ್ದರೂ ಇದೇ. ಹೀಗೇ ಓಡಿಸುತ್ತಿದ್ದರೆ ಪಿಸ್ಟನ್ ತಲೆಯೇ ತೂತು ಬೀಳಬಹುದು.

ಸದ್ದು ಬಂತೆಂದು ತಕ್ಷಣ ಪಾಯಿಂಟಿಗೆ ಕೈ ಹಾಕುವುದಿಲ್ಲ. ಹೆಡ್ಡಿನಲ್ಲಿ ಕಟ್ಟಿದ ಮಸಿಯಿಂದಲೂ ನಾಕಿಂಗ್ ಆಗುತ್ತದೆ, ತೆಳು ಮಿಶ್ರಣದಿಂದಲೂ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ. ಈಗಿನ ಇ20 (ಶೇ. 20ರಷ್ಟು ಎಥನಾಲ್ ಬೆರೆಸಿದ) ಪೆಟ್ರೋಲಿನ ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ, ಆದರೆ ಅದರಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಹಳೆಯ ಜೆಟ್ಟಿನಲ್ಲಿ (ಪೆಟ್ರೋಲ್ ಬಿಡುವ ಸಣ್ಣ ತೂತು) ಮಿಶ್ರಣ ತೆಳುವಾಗುತ್ತದೆ. ಪ್ಲಗ್ ತೆಗೆದು ನೋಡಿದಾಗ ತುದಿ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕುತ್ತೇನೆ. ಕಂದು ಬಣ್ಣ ಬಂದಮೇಲೂ ಸದ್ದು ನಿಲ್ಲದಿದ್ದರೆ ಆಗ ಪಾಯಿಂಟ್ ಪ್ಲೇಟ್ ಬಿಚ್ಚುತ್ತೇನೆ.